ಕಲ್ಯಾಣಪುರದ ಕಪಾಟಿನೊಳಗೊಂದು ಕ್ಯಾಮೆರಾ

ಉಡುಪಿಯಿಂದ ಕುಂದಾಪುರದತ್ತ ಹೊರಟರೆ ಸಿಗುವುದು ಸಂತೆಕಟ್ಟೆ. ಅದರ ಮಗ್ಗುಲಲ್ಲೇ ಕಲ್ಯಾಣಪುರ. ಸುವರ್ಣಾ ನದಿ, ತೆಂಗಿನ ತೋಟಗಳು, 1678ರಲ್ಲಿ ಸ್ಥಾಪನೆಯಾಗಿ 2012ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಕೆಥೆಡ್ರಲ್ ಆದ ಮಿಲಾಗ್ರಿಸ್ ಇಗರ್ಜಿ. ಕ್ಯಾಮೆರಾ ಹಿಡಿದವರಿಗೆ ಇಲ್ಲಿ ಬರವಿಲ್ಲ.

ಇಲ್ಲಿನ ಹೆಂಚಿನ ಮನೆಯೊಂದರ ಕಪಾಟಿನಲ್ಲಿ ಹಳೆಯ ಆಗ್ಫಾ ಕ್ಲಿಕ್ 3 ಇದೆ. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ್ದು. ಒಂದು ರೋಲಿಗೆ 12 ಚಿತ್ರ ಮಾತ್ರ. ಹಾಗಾಗಿ ಮನೆಯ ಯಜಮಾನರು ಮದುವೆ, ಹಬ್ಬ, ಮುಂಬಯಿಯಿಂದ ಬಂದ ನೆಂಟರು ಎಂದು ಲೆಕ್ಕವಿಟ್ಟೇ ಗುಂಡಿ ಒತ್ತುತ್ತಿದ್ದರು. ಅವರೀಗ ಇಲ್ಲ. ಮಗನಿಗೆ ಮಾರುವ ಯೋಚನೆ, ತಾಯಿಗೆ ಮನಸ್ಸಿಲ್ಲ.

ಅದಕ್ಕೆ ಬೇಕಾದ 120 ಅಳತೆಯ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಆದರೆ ಕರಾವಳಿಯ ಮಳೆಗಾಲದ ತೇವ ಯಾರಿಗೂ ಕಾಯುವುದಿಲ್ಲ. ಮುಚ್ಚಿಟ್ಟ ಮಸೂರಕ್ಕೂ ನೆಗೆಟಿವ್‌ಗೂ ಬೂಸ್ಟು ಹಿಡಿಯುತ್ತದೆ. ಡಬ್ಬಿ ತೆರೆದಾಗ ಹೊಳೆಬದಿಯ ದೋಣಿಯಲ್ಲಿ ಕುಳಿತ ಅಜ್ಜನ ಮುಖ ಅರ್ಧ ಮಾಸಿತ್ತು.

ತಾಯಿ ಆ ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಉಪಯೋಗಿಸುವವರು ಸಿಕ್ಕಿದರೆ ಕ್ಯಾಮೆರಾ ಕೊಡು ಮಗಾ" ಎಂದರು, "ಇವನ್ನು ಮಾತ್ರ ಮೊದಲು ಉಳಿಸು."