ಅಚ್ಚು ನಡುವಿಗೆ ಬರಬೇಕು

ಕನ್ನಡದಲ್ಲಿ ‘ಅಚ್ಚು’ ಎಂಬ ಮಾತು ಹಲವು ಕಡೆ ದುಡಿಯುತ್ತದೆ. ಪುಸ್ತಕ ಅಚ್ಚಾಗುತ್ತದೆ, ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ಯುತ್ತಾರೆ, ಗಾಡಿಯ ಎರಡು ಚಕ್ರಗಳನ್ನು ಹೊತ್ತ ಅಡ್ಡದಂಡವೂ ಅಚ್ಚೇ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇದೇ ಮಾತು ಸ್ವಲ್ಪ ಸ್ವರ ಬದಲಿಸಿಕೊಂಡು ಓಡಾಡುತ್ತಿದೆ. ಕಾಸರಗೋಡಿನ ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಈಗ ‘ಆಕ್ಸಲ್’, ‘ಹೌಸಿಂಗ್’ ಎಂಬ ಮಾತುಗಳೇ ಕೇಳಿಬರುತ್ತವೆ. ಆದರೂ ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಗುಡ್ಡದ ಐದು ಮನೆಗಳವರು ಹಲವು ದಿನ ಆಡಿದ ಮಾತೆಲ್ಲ ಒಂದು ಅಚ್ಚನ್ನು ಕುರಿತೇ ಇತ್ತು. ಅದರಿಂದ ನಾವು ಕಲಿತುಕೊಂಡದ್ದನ್ನು ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಮನೆಗಳಿಂದ ಡಾಮರು ರಸ್ತೆಗೆ ಇಳಿಯುವ ದಾರಿ ಮುರಕಲ್ಲಿನದು. ಬೇಸಿಗೆಯಲ್ಲಿ ಅದು ಧೂಳು, ಆಷಾಢದಲ್ಲಿ ತೋಡು. ಮೂರು ಕಡಿದಾದ ತಿರುವುಗಳಿವೆ. ಮೂರರಲ್ಲಿಯೂ ಒಂದು ಬದಿಗೆ ಬರೆ, ಇನ್ನೊಂದು ಬದಿಗೆ ಅಡಿಕೆ ತೋಟದ ಆಳ. ಹಿಂದೆ ಈ ದಾರಿಯಲ್ಲಿ ಹಳೆಯ ಮಹೀಂದ್ರಾ ಜೀಪು ಅಡಿಕೆ, ಗೊಬ್ಬರ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿತು. ಅದು ಮುದಿಯಾದ ಮೇಲೆ ಐದು ಮನೆಗಳೂ ಹಣ ಕೂಡಿಸಿ ಇನ್ನೊಬ್ಬರು ಬಳಸಿದ ಜಿಮ್ನಿಯೊಂದನ್ನು ಕೊಂಡೆವು. ಕೊಳ್ಳಲೇಬೇಕಾದ ಕಾರಣವೂ ಇತ್ತು. ನಮ್ಮಲ್ಲಿ ಹಿರಿಯರಾದ ಚಿಕ್ಕಮ್ಮನಿಗೆ ಮೂತ್ರಪಿಂಡಗಳು ಸೋತು, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಆ ಎರಡು ದಿನಗಳನ್ನು ಮಳೆಯ ನೆಪದಲ್ಲಿ ಮುಂದೂಡುವಂತಿರಲಿಲ್ಲ.

ಹಿಂದಿನ ಮಾಲೀಕರು ಗಾಡಿಯನ್ನು ಎರಡು ಇಂಚು, ಎಂದರೆ ಸುಮಾರು 50 ಮಿಲಿಮೀಟರ್, ಎತ್ತರಿಸಿದ್ದರು. ಉದ್ದದ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್, ಅಗಲದ ಟೈರು. ನೋಡುವುದಕ್ಕೆ ಗಂಭೀರವಾಗಿತ್ತು. ಮೊದಲ ಎಡ ತಿರುವಿನಲ್ಲಿಯೇ ಅದರ ಗುಟ್ಟು ಹೊರಬಿತ್ತು. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಎಡ ಟೈರಿನ ಹಿಂಭಾಗ ಒಳಗೆಲ್ಲಿಯೋ ಉಜ್ಜುವ ಸದ್ದು. ಬಲಕ್ಕೆ ತಿರುಗಿಸಿದರೆ ಯಾವ ಸದ್ದೂ ಇಲ್ಲ. ನೇರ ರಸ್ತೆಯಲ್ಲಿ ಓಡುವಾಗ ಸ್ಟಿಯರಿಂಗ್ ಚಕ್ರ ಸ್ವಲ್ಪ ವಾರೆಯಾಗಿ ನಿಲ್ಲುತ್ತಿತ್ತು. ತಿರುವನ್ನು ಒಂದೇ ಸುತ್ತಿಗೆ ಮುಗಿಸಲಾಗದೆ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು. ಬಿಸಿಲಿನಲ್ಲಿ ಇದು ಬರಿಯ ಕಿರಿಕಿರಿ. ಮಳೆಯಲ್ಲಿ, ಆಳದ ಅಂಚಿನಲ್ಲಿ, ಹಿಂದಿನ ಸೀಟಿನಲ್ಲಿ ಸುಸ್ತಾಗಿ ಒರಗಿದ ಚಿಕ್ಕಮ್ಮನನ್ನು ಕೂರಿಸಿಕೊಂಡು ಹಿಂದೆ ಮುಂದೆ ಮಾಡುವುದು ಬೇರೆಯೇ ಮಾತು.

ಪೇಟೆಯ ಅಂಚಿನಲ್ಲಿ ಜೀಪುಗಳನ್ನೇ ರಿಪೇರಿ ಮಾಡುತ್ತ ತಲೆ ನರೆತ ಮೇಸ್ತ್ರಿಯೊಬ್ಬರಿದ್ದಾರೆ. ಮನೆಮಾತು ಮಲಯಾಳ, ವ್ಯವಹಾರಕ್ಕೆ ತುಳು, ನಮ್ಮೊಡನೆ ಕನ್ನಡ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, “ಅಣ್ಣ, ಗಾಡಿ ಮೇಲೆ ಹೋಗಿದೆ, ಅಚ್ಚು ಪಕ್ಕಕ್ಕೆ ಹೋಗಿದೆ” ಎಂದರು. ಮೇಲೆತ್ತಿದ್ದು ಪಕ್ಕಕ್ಕೇಕೆ ಹೋಗಬೇಕು ಎಂದು ನಮಗೆ ಅರ್ಥವಾಗಲಿಲ್ಲ. ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತಿಳಿಸಿದರು.

ಹಳೆಯ ಜೀಪಿನಲ್ಲಿ ಅಚ್ಚು ಕುಳಿತಿರುವುದು ಕಮಾನು ಪಟ್ಟಿಗಳ ಮೇಲೆ. ಭಾರ ಹೊರುವುದೂ ಪಟ್ಟಿಯೇ, ಅಚ್ಚನ್ನು ಎಡಬಲಕ್ಕೆ ಸರಿಯದಂತೆ ಹಿಡಿಯುವುದೂ ಪಟ್ಟಿಯೇ. ಅಲ್ಲಿ ಅಚ್ಚು ಸರಿದಿದ್ದರೆ ಪಟ್ಟಿಗಳ ನಡುವಿನ ಬೋಲ್ಟು ತುಂಡಾಗಿರಬೇಕು, ಇಲ್ಲವೇ ಯು-ಬೋಲ್ಟು ಸಡಿಲಾಗಿರಬೇಕು, ಬುಶ್ ಸವೆದಿರಬೇಕು. ಜಿಮ್ನಿಯ ಅಚ್ಚು ಅದರಂತೆಯೇ ಇಡಿಯಾದ ದಂಡವಾದರೂ ಕುಳಿತಿರುವುದು ಸುರುಳಿ ಸ್ಪ್ರಿಂಗಿನ ಮೇಲೆ. ಸುರುಳಿಗೆ ಭಾರ ಹೊರುವುದು ಗೊತ್ತು. ಪಕ್ಕಕ್ಕೆ ಹಿಡಿದು ನಿಲ್ಲಿಸುವುದು ಗೊತ್ತಿಲ್ಲ. ಆದುದರಿಂದ ಒಂದು ಅಡ್ಡಕಂಬಿ ಬೇಕು. ಅದರ ಒಂದು ತುದಿ ಚಾಸಿಸ್ಸಿಗೆ, ಇನ್ನೊಂದು ತುದಿ ಎದುರು ಬದಿಯಲ್ಲಿ ಅಚ್ಚಿಗೆ. ಫ್ರಾನ್ಸಿನ ಹಳೆಯ ಕಾರು ತಯಾರಕರ ಹೆಸರು ಹೊತ್ತು ಇದು ಪ್ಯಾನ್‌ಹಾರ್ಡ್ ರಾಡ್ ಎನಿಸಿಕೊಂಡಿದೆ.

ಈ ಕಂಬಿಯ ಉದ್ದ ಬದಲಾಗದು. ಗಾಡಿಯನ್ನು ಎತ್ತಿದರೆ ಚಾಸಿಸ್ಸಿನ ಕಡೆಯ ತುದಿ ಮೇಲೇರುತ್ತದೆ, ಕಂಬಿ ಓರೆಯಾಗುತ್ತದೆ. ಗೋಡೆಗೆ ಆನಿಸಿದ ಏಣಿಯನ್ನು ನೆಟ್ಟಗೆ ಮಾಡುತ್ತ ಹೋದಂತೆ ಅದರ ಬುಡ ಗೋಡೆಯ ಹತ್ತಿರ ಬರುವುದಲ್ಲವೇ? ಹಾಗೆಯೇ ಕಂಬಿಯ ಅಚ್ಚಿನ ತುದಿ ಚಾಸಿಸ್ಸಿನ ತುದಿಯತ್ತ ಬರುತ್ತದೆ, ತನ್ನೊಡನೆ ಇಡೀ ಅಚ್ಚನ್ನು ಎಳೆದು ತರುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಲ್ಲಿ ಕೆಲಸಕ್ಕೆ ಬಂತು. ಉದಾಹರಣೆಗೆ ಕಂಬಿ 90 ಸೆಂಟಿಮೀಟರ್ ಉದ್ದವಿದ್ದು, ಎರಡು ತುದಿಗಳ ಎತ್ತರದ ಅಂತರ ಮೊದಲು 8 ಸೆಂಟಿಮೀಟರ್ ಇತ್ತೆನ್ನೋಣ. ಗಾಡಿಯನ್ನು 5 ಸೆಂಟಿಮೀಟರ್ ಎತ್ತಿದರೆ ಅಂತರ 13 ಆಗುತ್ತದೆ, ಅಚ್ಚು ಸುಮಾರು 6 ಮಿಲಿಮೀಟರ್ ಸರಿಯುತ್ತದೆ. 10 ಸೆಂಟಿಮೀಟರ್ ಎತ್ತಿದರೆ ಸರಿಯುವುದು 12 ಅಲ್ಲ, ಸುಮಾರು 15 ಮಿಲಿಮೀಟರ್. ಎತ್ತರ ಇಮ್ಮಡಿಯಾದರೆ ಓರೆ ಇಮ್ಮಡಿಗಿಂತ ಹೆಚ್ಚಾಗುತ್ತದೆ.

ಅಳತೆಗೆ ಮೇಸ್ತ್ರಿ ಯಾವ ಯಂತ್ರವನ್ನೂ ತರಲಿಲ್ಲ. ಮನೆ ಕಟ್ಟುವವರ ತೂಗುಗುಂಡು, ಉಕ್ಕಿನ ಪಟ್ಟಿ, ಸೀಮೆಸುಣ್ಣ ಇಷ್ಟೇ. ನೆಲ ಸಮತಟ್ಟಾಗಿರಬೇಕು, ನಾಲ್ಕೂ ಟೈರುಗಳಲ್ಲಿ ಗಾಳಿ ಸಮನಾಗಿರಬೇಕು, ಮುಂದಿನ ಚಕ್ರಗಳು ನೇರವಾಗಿರಬೇಕು. ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಬಾರದು. ತನ್ನ ಭಾರವನ್ನು ತಾನೇ ಹೊತ್ತು ನಿಂತಿರಬೇಕು. ಅಳೆಯುವ ಮುನ್ನ ಹತ್ತಡಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಸ್ಪ್ರಿಂಗುಗಳನ್ನು ತಮ್ಮ ಜಾಗದಲ್ಲಿ ಕೂರಿಸಬೇಕು. ನಮ್ಮ ಹುಡುಗರು ಮಡ್‌ಗಾರ್ಡಿನ ಅಂಚಿನಿಂದ ಅಳೆಯಲು ಹೊರಟಾಗ ಅವರು ತಡೆದರು. “ಅದು ತಗಡು. ಎಲ್ಲೋ ಒಂದು ಕಡೆ ತಾಗಿರುತ್ತದೆ, ಬಗ್ಗಿರುತ್ತದೆ. ಚಾಸಿಸ್ಸಿನಿಂದ ಅಳೆಯಿರಿ” ಎಂದರು. ಎರಡೂ ಬದಿಗಳಲ್ಲಿ ಚಾಸಿಸ್ಸಿನ ಒಂದೇ ಜಾಗದಿಂದ ಗುಂಡನ್ನು ಇಳಿಬಿಟ್ಟು, ದಾರದಿಂದ ರಿಮ್ಮಿನ ಒಳ ಅಂಚಿನವರೆಗೆ ಅಳೆದೆವು. ಬಲಕ್ಕೆ 112 ಮಿಲಿಮೀಟರ್, ಎಡಕ್ಕೆ 98. ವ್ಯತ್ಯಾಸ 14, ಅದರ ಅರ್ಧ, ಎಂದರೆ 7 ಮಿಲಿಮೀಟರ್, ಅಚ್ಚು ಬಲಕ್ಕೆ ಸರಿದಿತ್ತು. ಪೂರ್ತಿ ವ್ಯತ್ಯಾಸವನ್ನೇ ಸರಿದ ದೂರವೆಂದು ಭಾವಿಸಿ ತಿದ್ದಿದರೆ ಅಚ್ಚು ಅಷ್ಟೇ ಎಡಕ್ಕೆ ಹೋದೀತು. ಹಿಂದಿನ ಅಚ್ಚೂ 5 ಮಿಲಿಮೀಟರ್ ಸರಿದಿತ್ತು.

ತಿದ್ದುವುದಕ್ಕೆ ಎರಡು ದಾರಿಗಳಿದ್ದವು. ಒಂದು, ಚಾಸಿಸ್ಸಿನ ಕಡೆ ಕೆಳಗಿಳಿದ ಬ್ರಾಕೆಟ್ ಜೋಡಿಸಿ ಕಂಬಿಯ ಓರೆಯನ್ನೇ ಕಡಿಮೆ ಮಾಡುವುದು. ಇನ್ನೊಂದು, ಮರೆಯಿದ್ದು ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಾದ ಬೇರೆ ಕಂಬಿ ಹಾಕಿ, ಅಚ್ಚನ್ನು ನಡುವಿಗೆ ತಳ್ಳುವುದು. ಮೊದಲನೆಯದು ಮೇಲುನೋಟಕ್ಕೆ ಉತ್ತಮ. ಆದರೆ ಸ್ಟಿಯರಿಂಗ್ ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಈ ಕಂಬಿಗೆ ಸಮಾಂತರವಾಗಿರಬೇಕು. ಎರಡೂ ಒಂದೇ ಓರೆಯಲ್ಲಿದ್ದರೆ ಗುಂಡಿಗೆ ಬಿದ್ದಾಗ ಎರಡೂ ಜೊತೆಯಾಗಿ ತೂಗುತ್ತವೆ. ಒಂದನ್ನು ಮಾತ್ರ ಇಳಿಸಿ ಇನ್ನೊಂದನ್ನು ಬಿಟ್ಟರೆ, ಪ್ರತಿ ಗುಂಡಿಗೂ ಚಕ್ರ ತನ್ನಷ್ಟಕ್ಕೆ ತಿರುಗಿ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ. ಮುರಕಲ್ಲಿನ ದಾರಿಯಲ್ಲಿ ಅದು ಬೇಡವೆಂದು ಮೇಸ್ತ್ರಿ ಎರಡನೆಯ ದಾರಿ ಹಿಡಿದರು.

ಕಂಬಿಯನ್ನು ಸುಮಾರು ಸರಿದಷ್ಟೇ ಉದ್ದ ಮಾಡಿ, ಮತ್ತೆ ಓಡಿಸಿ, ಮತ್ತೆ ಅಳೆದು, ಎರಡು ಬದಿಗಳ ವ್ಯತ್ಯಾಸ 1 ಮಿಲಿಮೀಟರಿಗೆ ಬರುವವರೆಗೆ ಅವರು ಬಿಡಲಿಲ್ಲ. ಅನಂತರ ಲಾಕ್ ನಟ್ಟು. ಬುಶ್ಶಿನ ಬೋಲ್ಟುಗಳನ್ನು ಕೊನೆಯ ಬಾರಿಗೆ ಬಿಗಿದದ್ದು ಗಾಡಿ ನೆಲದ ಮೇಲೆ ನಿಂತಿರುವಾಗ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಚ್ಚು ಸರಿದುದರಿಂದ ವಾರೆಯಾಗಿದ್ದ ಸ್ಟಿಯರಿಂಗ್ ಚಕ್ರವನ್ನು ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ನೇರ ಮಾಡಿದರು. ಎಲ್ಲ ಮುಗಿದ ಮೇಲೆ ಚಕ್ರಗಳನ್ನು ಜೋಲುಬಿಟ್ಟು ಟಾರ್ಚು ಹಿಡಿದು ಒಳಗೆ ನೋಡಿದವರು ನಮ್ಮನ್ನು ಕರೆದು ತೋರಿಸಿದರು. ಬ್ರೇಕಿನ ಹೋಸು ವೀಣೆಯ ತಂತಿಯಂತೆ ಬಿಗಿದಿತ್ತು. ಗಾಡಿ ಎತ್ತರಿಸಿದವರು ಅದನ್ನು ನೋಡಿರಲಿಲ್ಲ. ಅಚ್ಚು ಸರಿದದ್ದು ಸದ್ದು ಮಾಡಿ ತಿಳಿಸಿತ್ತು; ಇದು ಸದ್ದಿಲ್ಲದೆ ಕಾಯುತ್ತಿತ್ತು. ಉದ್ದದ ಹೋಸು ಬಂದು ಕೂರುವವರೆಗೆ ಅವರು ಬೀಗದ ಕೈ ಕೊಡಲಿಲ್ಲ.

ಆ ಮಳೆಗಾಲದಲ್ಲಿ ಒಂದು ಸರದಿಯೂ ತಪ್ಪಲಿಲ್ಲ. ಮೂರು ತಿರುವುಗಳನ್ನೂ ಒಂದೊಂದೇ ಸುತ್ತಿಗೆ ಇಳಿದೆವು. ತಿರುವು ಬಂದಾಗ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದ ಚಿಕ್ಕಮ್ಮ ಶ್ರಾವಣದ ಹೊತ್ತಿಗೆ ಹಿಡಿ ಬಿಟ್ಟು ಜಪಸರ ತೆಗೆದುಕೊಂಡರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಬರಹ ಅಪೂರ್ಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ, ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮಳೆ ನಿಂತ ಮೇಲೆ ಐದು ಮನೆಗಳವರೂ ಕುಳಿತು ಮಾತಾಡಿದೆವು. ಎತ್ತರ ಇರಲಿ, ಅಂದವಾಗಿದೆ ಎಂದರು ಹುಡುಗರು. ನಾಳೆ ಏನಾದರೂ ಆದರೆ ವಿಮೆಯವರ ಮುಂದೆ ಏನು ಹೇಳುವುದು ಎಂದರು ಹಿರಿಯರು. “ನನಗೆ ಹತ್ತುವುದಕ್ಕೆ ಸ್ಟೂಲು ಇಡಬೇಕಾಗಿದೆ” ಎಂದರು ಚಿಕ್ಕಮ್ಮ. ಅಲ್ಲಿಗೆ ಮಾತು ಮುಗಿಯಿತು. ಕಂಪೆನಿಯ ಅಳತೆಯ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಟೈರುಗಳನ್ನು ತರಿಸಿದೆವು. ಉದ್ದ ಮಾಡಿದ ಕಂಬಿಗಳನ್ನೂ ಬಿಚ್ಚಿ ಮೂಲದವನ್ನೇ ಹಾಕಬೇಕೆಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದರು. ಇಳಿದ ಗಾಡಿಯಲ್ಲಿ ಆ ಉದ್ದ ಅಚ್ಚನ್ನು ಎದುರು ಬದಿಗೆ ತಳ್ಳುತ್ತಿತ್ತು. ಒಂದು ಸ್ಥಿತಿಗೆ ಸರಿಹೊಂದಿದ ತಿದ್ದುಪಡಿ ಇನ್ನೊಂದು ಸ್ಥಿತಿಗೆ ತಾನೇ ದೋಷವಾಗುತ್ತದೆ.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳದ ಭಾಗವಾಯಿತು. ಅಂದಿನಿಂದ ಗಡಿನಾಡ ಕನ್ನಡಿಗರ ಸಭೆಗಳಲ್ಲಿ ‘ನಾವು ಎಷ್ಟು ಸರಿದಿದ್ದೇವೆ’ ಎಂಬ ಪ್ರಶ್ನೆ ಕೇಳಿಬರುತ್ತಲೇ ಇದೆ. ಶಾಲೆಯ ಕನ್ನಡ ಬಾಗಿಲು ಕಿರಿದಾಯಿತು, ಮಕ್ಕಳ ಬಾಯಲ್ಲಿ ಮೂರು ಭಾಷೆ ಬೆರೆಯಿತು ಎಂದು ಅಳೆಯುತ್ತೇವೆ. ಅಳೆಯಬೇಕಾದದ್ದೇ. ಆದರೆ ತಗಡಿನಿಂದಲ್ಲ, ಚಾಸಿಸ್ಸಿನಿಂದ: ಮನೆಯಲ್ಲಿ ಹಿರಿಯರೊಡನೆ ಮಕ್ಕಳು ಯಾವ ಮಾತಿನಲ್ಲಿ ಜಗಳವಾಡುತ್ತಾರೆ, ಪತ್ರಿಕೆ ಬಂದಾಗ ಯಾರು ಮೊದಲು ಕೈ ಚಾಚುತ್ತಾರೆ ಎಂಬುದರಿಂದ. ಮಲಯಾಳ ಮನೆಮಾತಿನ ಮೇಸ್ತ್ರಿ ನಮಗೆ ಕನ್ನಡದಲ್ಲಿ ‘ಅಚ್ಚು’ ಎಂದದ್ದನ್ನೂ ಆ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಸಮ್ಮೇಳನಕ್ಕೆ ಬರುವ ಬಂಧುಗಳಲ್ಲಿ ಗುಡ್ಡದ ದಾರಿಯವರು ಅನೇಕರಿದ್ದೀರಿ. ಎತ್ತರಿಸಿದ ಗಾಡಿ ನಿಮ್ಮ ಅಂಗಳಕ್ಕೆ ಬಂದರೆ ತೂಗುಗುಂಡು ಇಳಿಬಿಟ್ಟು ಎರಡೂ ಬದಿ ಅಳೆದು ನೋಡಿ. ಬ್ರೇಕಿನ ಹೋಸನ್ನು ಮರೆಯಬೇಡಿ.