ಮಿಂಚು ಬೇಕೆ, ಬೇಡವೆ?

ಹಚ್ಚಿದ ಹಣತೆಯನ್ನು ನೋಡುವುದಕ್ಕೆಂದು ಅದರ ಮುಂದೆ ಪಂಜು ಹಿಡಿಯುವವರುಂಟೆ? ನಮ್ಮ ಡಿಜಿಟಲ್ ಕ್ಯಾಮರಾ ಹಿಡಿಯುತ್ತದೆ. ಅದನ್ನು ತನ್ನಷ್ಟಕ್ಕೆ ಬಿಟ್ಟರೆ, ಬೆಳಕು ಸಾಲದೆಂದು ಕಂಡೊಡನೆಯೇ ಫ್ಲ್ಯಾಷನ್ನು ಮಿಂಚಿಸಿಬಿಡುತ್ತದೆ. ಬೆಳಕೆಷ್ಟಿದೆಯೆಂದು ಅದು ಅಳೆಯಬಲ್ಲದು. ನಮಗೆ ಬೇಕಾದುದು ಯಾವ ಬೆಳಕೆಂದು ಅರಿಯಲಾರದು. ಆ ವಿವೇಕವು ನಮ್ಮದೇ ಆಗಿರಬೇಕು.

ಕಾರ್ತಿಕದ ಸಂಜೆ, 80 ದಾಟಿದ ನಮ್ಮ ತಾಯಿಯವರು ತುಳಸಿಯ ಮುಂದೆ ದೀಪವಿಡುವಾಗ ನಾನು ಫ್ಲ್ಯಾಷನ್ನು ಪೂರ್ತಿಯಾಗಿ ಆರಿಸಿರುತ್ತೇನೆ. ಮಿಂಚಿದರೆ ಮುಖವು ಸುಣ್ಣ ಬಳಿದಂತಾಗಿ, ಹಣತೆಯ ಹೊಂಬಣ್ಣವು ಮಾಯವಾಗುತ್ತದೆ. ಮೊಮ್ಮಕ್ಕಳ ಮಕ್ಕಳು ಅವರನ್ನು ಕಾಣುವುದು ಈ ಪಟಗಳಲ್ಲಿಯೇ. ಆಗ ಅವರು ಕಾಣಬೇಕಾದುದು ನಾವು ದಿನವೂ ಕಂಡ ಆ ಮುಖವನ್ನಲ್ಲವೆ? ಮಿಂಚಿಲ್ಲದಾಗ ಕ್ಯಾಮರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ. ಕೈ ಅಲುಗಿದರೆ ಚಿತ್ರವು ಕಲಸಿಹೋಗುತ್ತದೆ. ಅದಕ್ಕಾಗಿ ಅದನ್ನು ಜಗಲಿಯ ಮೇಲೆ ಊರಿ, ಉಸಿರು ಬಿಗಿಹಿಡಿದು ಗುಂಡಿಯನ್ನೊತ್ತುತ್ತೇನೆ.

ಮುಖವೂ ಸ್ಪಷ್ಟವಾಗಿರಬೇಕು, ಹಿಂದಿನ ದೀಪಗಳ ಸಾಲೂ ಕಾಣಬೇಕೆಂದರೆ ‘ಸ್ಲೋ ಸಿಂಕ್’ ಎಂಬ ಕ್ರಮವುಂಟು. ಮಿಂಚು ಮುಖವನ್ನು ಬೆಳಗುತ್ತದೆ. ದೀರ್ಘವಾಗಿ ತೆರೆದ ಕಣ್ಣು ದೀಪಗಳನ್ನು ತುಂಬಿಕೊಳ್ಳುತ್ತದೆ. ಇಲ್ಲಿಯೂ ಕ್ಯಾಮರಾ ಅಲುಗಕೂಡದು.

ವಿಚಿತ್ರವೆಂದರೆ, ಫ್ಲ್ಯಾಷು ಬಹಳ ಉಪಕಾರಿಯಾಗುವುದು ಹಾಡುಹಗಲಿನಲ್ಲಿ! ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖವು ಮಸಿಯಂತೆ ಕಪ್ಪಾಗಿ ಬರುತ್ತದೆ. ಸುತ್ತಲೂ ಬೆಳಕಿದೆಯಲ್ಲವೆಂದು ಕ್ಯಾಮರಾ ಅನೇಕ ವೇಳೆ ಸುಮ್ಮನಿದ್ದುಬಿಡುತ್ತದೆ. ಆಗ ಮಿಂಚಿನ ಗುರುತಿರುವ ಕಡ್ಡಾಯ ಫ್ಲ್ಯಾಷನ್ನು ನಾವೇ ಆರಿಸಿಕೊಳ್ಳಬೇಕು. ನೆರಳು ತಿಳಿಯಾಗಿ ಕಣ್ಣುಮೂಗುಗಳು ಮೂಡುತ್ತವೆ.

ಕತ್ತಲಲ್ಲಿ ಅರಳಿದ ಕಣ್ಣಪಾಪೆಯೊಳಗೆ ಮಿಂಚು ಹೊಕ್ಕು, ಒಳಗಿನ ರಕ್ತದ ಕೆಂಪನ್ನು ಹೊತ್ತು ಮರಳುವುದರಿಂದಲೇ ಪಟದಲ್ಲಿ ಕೆಂಗಣ್ಣು ಕಾಣಿಸುವುದು. ಕಣ್ಣಿನ ಗುರುತುಳ್ಳ ಕ್ರಮದಲ್ಲಿ ಮೊದಲೊಮ್ಮೆ ಬೆಳಕು ಹೊಳೆದು ಪಾಪೆಯು ಕಿರಿದಾಗುತ್ತದೆ; ಅನಂತರ ಪಟ ಬೀಳುತ್ತದೆ. ಮೊದಲ ಹೊಳಪಿಗೇ ಎದ್ದು ಓಡುವ ಮಕ್ಕಳಿಗೆ ಮಾತ್ರ ಇದನ್ನು ಮುಂಚೆಯೇ ಹೇಳಿಡಬೇಕು.

ಮದುವೆಯ ಮನೆಯಲ್ಲಿ ಹಿಂದಿನ ಸಾಲಿನಿಂದ ಮಿಂಚಿಸುವವರನ್ನು ಕಂಡಾಗ ನನಗೆ ನಗು ಬರುತ್ತದೆ. ದೂರವು ಇಮ್ಮಡಿಯಾದರೆ ತಲುಪುವ ಬೆಳಕು ಕಾಲುಭಾಗವಷ್ಟೆ. ಚಿಕ್ಕ ಕ್ಯಾಮರಾದ ಮಿಂಚು ಹತ್ತು ಹನ್ನೆರಡು ಅಡಿಗಳಾಚೆ ಸೊರಗತೊಡಗುತ್ತದೆ. ಧಾರೆಯ ಪಟವೆಂದು ಮನೆಗೆ ಒಯ್ದುದರಲ್ಲಿ ಮುಂದೆ ಕುಳಿತವರ ತಲೆಗಳು ಮಾತ್ರ ಥಳಥಳಿಸುತ್ತಿರುತ್ತವೆ! ಅಂಥಲ್ಲಿ ಫ್ಲ್ಯಾಷನ್ನು ಆರಿಸಿ ಮಂಟಪದ ದೀಪಗಳನ್ನೇ ನಂಬುವುದು ಮೇಲು. ಇಲ್ಲವೆ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗುವುದು ಇನ್ನೂ ಮೇಲು.