ಪರದೆಯ ಮೇಲೆ ಕಂಡ ದುರ್ಗ

ಊರು ನೋಡುವುದಕ್ಕೆ ಎರಡು ದಾರಿಗಳುಂಟು. ಕಾಲಿನಿಂದ ನಡೆದು ನೋಡುವುದು ಒಂದು. ನೆಲದ ಟಿಕೆಟು ಕೊಂಡು, ಕತ್ತಲಲ್ಲಿ ಕುಳಿತು ನೋಡುವುದು ಇನ್ನೊಂದು. ನನ್ನ ಅಮ್ಮ ಕನ್ನಡನಾಡಿನ ಬಹುಭಾಗವನ್ನು ನೋಡಿದ್ದು ಈ ಎರಡನೆಯ ದಾರಿಯಿಂದಲೇ. ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ವರ್ಷಕ್ಕೊಮ್ಮೆ ತವರಿಗೆ, ಹರಕೆ ಬಿದ್ದಾಗ ಧರ್ಮಸ್ಥಳಕ್ಕೆ; ಆಕೆಯ ಪ್ರವಾಸದ ದಿನಚರಿ ಇಷ್ಟರಲ್ಲೇ ಮುಗಿಯುತ್ತದೆ. ಆದರೂ ಯಾರಾದರೂ ಮಡಿಕೇರಿಯ ಹೆಸರೆತ್ತಿದರೆ, "ನಾನು ನೋಡಿದೀನಲ್ಲ" ಎನ್ನುತ್ತಾಳೆ. ನೋಡಿದ್ದು 1971ರ 'ಶರಪಂಜರ'ದಲ್ಲಿ. ಚಿತ್ರದುರ್ಗವನ್ನು ನೋಡಿದ್ದು 1972ರ 'ನಾಗರಹಾವು' ಚಿತ್ರದಲ್ಲಿ. ಜೋಗದ ಜಲಪಾತವನ್ನು ನೋಡಿದ್ದು 2006ರ 'ಮುಂಗಾರು ಮಳೆ'ಯಲ್ಲಿ. ಆಗ ಪಕ್ಕದ ಕುರ್ಚಿಯಲ್ಲಿ ನಾನೂ ಇದ್ದೆ.

ಮಂಡ್ಯದ ಕಡೆಯ ಅವಳ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತಂತೆ. ಊರ ಹೊರಗಿನ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಹಗಲೆಲ್ಲ ಎತ್ತಿನ ಗಾಡಿಯೊಂದು ಧ್ವನಿವರ್ಧಕವನ್ನು ಹೊತ್ತು ಚಿತ್ರದ ಹೆಸರನ್ನು ಸಾರುತ್ತಿತ್ತು. ಪಟ್ಟಣದಲ್ಲಿ ಹಳೆಯದಾದ ಚಿತ್ರ ಹಳ್ಳಿಗೆ ಹೊಸದು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವಾಗ ದೀಪ ಹತ್ತುತ್ತಿತ್ತು. ಆ ಬೆಳಕಿನಲ್ಲಿ ಕಡಲೆಕಾಯಿ ಮಾರುವವನು ಜನರ ನಡುವೆ ನುಸುಳುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಗೆ ಆ ಡೇರೆಯೇ ಭೂಗೋಳದ ಪಾಠಶಾಲೆಯಾಯಿತು.

ಇನ್ನು ನನ್ನ ವಿಷಯ. ನಾನು ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನು. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ಆ ಚಿತ್ರವನ್ನು ಮಾಡಿದರೆಂದು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹೇಳಿ, "ಮೊದಲು ಪುಸ್ತಕ, ಆಮೇಲೆ ಪರದೆ" ಎಂದು ಉಪದೇಶಿಸುತ್ತೇನೆ. ಒಮ್ಮೆ ನನ್ನ ಸಹೋದ್ಯೋಗಿಗಳು ಮನೆಗೆ ಬಂದಿದ್ದಾಗ ಅಮ್ಮ ಉತ್ಸಾಹದಿಂದ ರಾಮಾಚಾರಿಯ ಕಥೆ ಹೇಳತೊಡಗಿದಳು. ನನಗೆ ಏನೋ ಸಂಕೋಚ. "ಅದು ಸಿನಿಮಾ ಕಥೆ ಅಮ್ಮ, ನಿಜವಾದದ್ದು ಪುಸ್ತಕದಲ್ಲಿದೆ" ಎಂದುಬಿಟ್ಟೆ. ಅವಳು ಮಾತು ನಿಲ್ಲಿಸಿ ಕಾಫಿ ತರಲು ಒಳಗೆ ಹೋದಳು. ಬಂದವರು ಅದನ್ನು ಗಮನಿಸಲಿಲ್ಲ. ನನಗೆ ಮಾತ್ರ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಕಳೆದ ವರ್ಷ ಅವಳ ಮಂಡಿಗಳನ್ನು ಪರೀಕ್ಷಿಸಿದ ವೈದ್ಯರು, ಹತ್ತುವ ಇಳಿಯುವ ಆಸೆಗಳೇನಾದರೂ ಇದ್ದರೆ ಈಗಲೇ ತೀರಿಸಿಕೊಳ್ಳುವುದು ಒಳ್ಳೆಯದೆಂದರು. ಎಲ್ಲಿಗೆ ಹೋಗೋಣವೆಂದು ಕೇಳಿದೆ. ಕಾಶಿ ಎನ್ನುವಳೆಂದು ಎಣಿಸಿದ್ದೆ. "ದುರ್ಗಕ್ಕೆ" ಎಂದಳು.

ಡಿಸೆಂಬರಿನ ರಜೆಯಲ್ಲಿ ಮೈಸೂರಿನಿಂದ ಕಾರಿನಲ್ಲಿ ಹೊರಟೆವು. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಒಂದು ರಾತ್ರಿ ತಂಗುವುದೆಂದು ಗೊತ್ತಾಗಿತ್ತು. 2023ರಲ್ಲಿ ತೆರೆದ ಹೊಸ ಹೆದ್ದಾರಿ ರಾಮನಗರವನ್ನು ಬಳಸಿಕೊಂಡು ಹೋಗುತ್ತದೆ. ನಾನು ಬೇಕೆಂದೇ ಹಳೆಯ ರಸ್ತೆ ಹಿಡಿದೆ. 1975ರಲ್ಲಿ ತೆರೆಕಂಡ ಹಿಂದಿಯ 'ಶೋಲೆ'ಯ ಬಂಡೆಗಳನ್ನು ಅಮ್ಮನಿಗೆ ತೋರಿಸಬೇಕಾಗಿತ್ತು. ಆ ಚಿತ್ರಕ್ಕಾಗಿ ಇಲ್ಲಿಯ ಬೆಟ್ಟಗಳ ಬುಡದಲ್ಲಿ ರಾಮಗಢವೆಂಬ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಚಿತ್ರೀಕರಣ ಮುಗಿಯಿತು, ಆ ಹಳ್ಳಿ ಅಳಿಯಿತು. ರಾಮದೇವರ ಬೆಟ್ಟದ ನಿಜವಾದ ನಿವಾಸಿಗಳು ರಣಹದ್ದುಗಳು. ಅವುಗಳಿಗಾಗಿ ಸರ್ಕಾರ 2012ರಲ್ಲಿ ಆ ಬೆಟ್ಟವನ್ನು ರಕ್ಷಿತ ಧಾಮವೆಂದು ಘೋಷಿಸಿತು. ಅಮ್ಮ ಕಾರಿನ ಕಿಟಕಿಯಿಂದ ಬಂಡೆಗಳನ್ನು ನೋಡಿ, "ಚೆನ್ನಾಗಿವೆ" ಎಂದಳು, ಅಷ್ಟೆ. ಅವಳು ಆ ಚಿತ್ರವನ್ನು ನೋಡಿರಲಿಲ್ಲ. ನೋಡದ ಚಿತ್ರದ ಬಂಡೆ ಬರಿಯ ಬಂಡೆ! ಬಿಡದಿಯ ತಟ್ಟೆ ಇಡ್ಲಿಯೇ ಅವಳಿಗೆ ಹೆಚ್ಚು ಹಿಡಿಸಿತು.

ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು 200 ಕಿಲೋಮೀಟರು. ತುಮಕೂರು, ಶಿರಾ, ಹಿರಿಯೂರುಗಳನ್ನು ದಾಟಿದಂತೆ ನೆಲ ಒಣಗುತ್ತದೆ, ಆಕಾಶ ಅಗಲವಾಗುತ್ತದೆ. ದುರ್ಗ ಸಮೀಪಿಸಿದಾಗ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ರೆಕ್ಕೆ ತಿರುಗಿಸುತ್ತಿದ್ದವು. "ಇವು ಸಿನಿಮಾದಲ್ಲಿ ಇರಲಿಲ್ಲ" ಎಂದು ಅಮ್ಮ ಆಕ್ಷೇಪಿಸಿದಳು.

ಏಳುಸುತ್ತಿನ ಕೋಟೆಯ ಮಹಾದ್ವಾರದಲ್ಲಿ ನಿಂತವರಿಗೆ ಮೊದಲು ಕಾಣುವುದು ನೇರವಾದ ದಾರಿ ಎಲ್ಲಿಯೂ ಇಲ್ಲವೆಂಬುದು. ಬಾಗಿಲು ದಾಟಿದರೆ ಗೋಡೆ. ಗೋಡೆಯ ಬದಿಯಲ್ಲಿ ತಿರುವು. ತಿರುವಿನಾಚೆ ಮತ್ತೊಂದು ಬಾಗಿಲು. ಶತ್ರುವಿನ ಆನೆಗೆ ಓಡಿ ಬಂದು ಗುದ್ದುವಷ್ಟು ಜಾಗ ಸಿಕ್ಕಬಾರದೆಂಬ ಲೆಕ್ಕಾಚಾರ ಅದರಲ್ಲಿದೆ. ಮದ್ದು ಅರೆಯುತ್ತಿದ್ದ ಭಾರಿ ಬೀಸುವ ಕಲ್ಲುಗಳು ಇನ್ನೂ ಅಲ್ಲಿಯೇ ಇವೆ. ಮೇಲೆ ಬಿದ್ದ ಮಳೆನೀರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಸಿ ಕೂಡಿಡುವ ಏರ್ಪಾಟನ್ನು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳಲ್ಲಿ ಇಂದಿಗೂ ಕಾಣಬಹುದು. ನಾನು ಇವನ್ನೆಲ್ಲ ಉಪನ್ಯಾಸದ ಧಾಟಿಯಲ್ಲಿ ವಿವರಿಸುತ್ತಿದ್ದೆ. 1779ರಲ್ಲಿ ಹೈದರಾಲಿಗೆ ದುರ್ಗ ವಶವಾದುದನ್ನೂ, ಆ ಪತನವನ್ನು ತ.ರಾ.ಸು. ಅವರು 1982ರ 'ದುರ್ಗಾಸ್ತಮಾನ'ದಲ್ಲಿ ಚಿತ್ರಿಸಿದುದನ್ನೂ ಹೇಳಿದೆ. ಅಮ್ಮ ನನ್ನ ತೋಳನ್ನು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು, ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಬೇರೇನನ್ನೋ ಹುಡುಕುತ್ತಿತ್ತು. "ಚಾಮಯ್ಯ ಮೇಷ್ಟ್ರು ಬಿದ್ದದ್ದು ಎಲ್ಲಿಂದ?" ಎಂದು ಕೇಳಿದಳು.

ನಾನು ಉತ್ತರಿಸಲಾರದೆ ಸುತ್ತ ನೋಡಿದೆ. ಎಲ್ಲ ಬಂಡೆಯೂ ಹಾಗೆಯೇ ಕಾಣುತ್ತಿತ್ತು. ಕೆ. ಎಸ್. ಅಶ್ವತ್ಥರ ಆ ಮೇಷ್ಟ್ರು ತಾವು ಅತಿಯಾಗಿ ಪ್ರೀತಿಸಿದ ಶಿಷ್ಯನ ಕೈಯಿಂದಲೇ, ಆತ ಬಯಸದೆಯೇ, ಪ್ರಪಾತಕ್ಕೆ ಬೀಳುತ್ತಾರೆ. ಮೇಷ್ಟ್ರ ಮಾತಿಗೆ ಮಣಿದು ತನ್ನ ಪ್ರೇಮವನ್ನು ಬಿಟ್ಟುಕೊಟ್ಟ ಹುಡುಗನ ಬದುಕು ಅದಕ್ಕೂ ಮೊದಲೇ ಮುರಿದಿರುತ್ತದೆ. ಪಾಠ ಹೇಳುವ ವೃತ್ತಿಯವನಾದ ನಾನು ಈ ಚಿತ್ರವನ್ನು ಎಷ್ಟೋ ಸಲ ನೋಡಿಯೂ ಇದನ್ನು ನನಗೆ ಸಂಬಂಧಿಸಿದ ಮಾತೆಂದು ತಿಳಿದಿರಲಿಲ್ಲ. ತಿಳಿದವನೆಂಬ ಅಧಿಕಾರದಿಂದ ಆಡಿದ ಒಂದು ಮಾತು ಮತ್ತೊಬ್ಬರಿಂದ ಏನನ್ನು ಕಿತ್ತುಕೊಳ್ಳಬಲ್ಲುದೆಂದು ಆ ಬಿಸಿಲಿನಲ್ಲಿ, ಆ ಕಲ್ಲುಗಳ ನಡುವೆ ನೆನಪಾಯಿತು. ಒಳಗೆ ಹೋಗಿ ಕಾಫಿ ತಂದ ಅಮ್ಮ ಈಗ ನನ್ನ ತೋಳಿಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದಳು.

ಓಬವ್ವನ ಕಿಂಡಿಯನ್ನು ತಲುಪುವಷ್ಟರಲ್ಲಿ ನಡು ಹಗಲಾಗಿತ್ತು. ಬಂಡೆಗಳ ನಡುವಣ ಒಂದು ಸಂದು. ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು ಮಾತ್ರ ಎಡೆ. ಅಮ್ಮ ಕೈಯನ್ನು ಕಲ್ಲಿನ ಮೇಲಿಟ್ಟು ನಿಂತಳು. "ಇಷ್ಟೇನಾ?" ಎಂದಳು. ಪರದೆ ದೊಡ್ಡದು, ಕಿಂಡಿ ಚಿಕ್ಕದು. ಅವಳಿಗೆ ನಿರಾಶೆಯಾಯಿತೆಂದು ನಾನು ಎಣಿಸಿದೆ. ಆದರೆ ಅವಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಚಿತ್ರದ ನಡುವೆ ಬರುವ ಒಂದು ಹಾಡಿನಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಳ್ಳುತ್ತಾರೆ. ಕೆಲವೇ ನಿಮಿಷಗಳ ಆ ಪಾತ್ರದಿಂದಲೇ ನಾಡಿನ ಮೂಲೆ ಮೂಲೆಯ ಹೆಂಗಸರಿಗೆ ಕಾವಲುಗಾರನ ಹೆಂಡತಿಯೊಬ್ಬಳ ಮುಖ ಪರಿಚಯವಾಯಿತೆಂದರೆ ತಪ್ಪಾಗಲಾರದು. ವಿಷ್ಣುವರ್ಧನರು 2009ರಲ್ಲಿ, ಅಂಬರೀಷರು 2018ರಲ್ಲಿ, ಜಯಂತಿಯವರು 2021ರಲ್ಲಿ ತೀರಿಕೊಂಡರು. ಡೇರೆಯಲ್ಲಿ ಕುಳಿತು ಅವರನ್ನು ನೋಡಿದ ಹುಡುಗಿ ಈಗ ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀರು ಎಲ್ಲಿತ್ತು?" ಎಂದಳು. ಹತ್ತಿರದಲ್ಲೇ ಇರುವ ತಣ್ಣೀರು ದೋಣಿಯನ್ನು ತೋರಿಸಿದೆ. ಕಹಳೆಯ ಮುದ್ದ ಹನುಮ ಊಟಕ್ಕೆ ಕುಳಿತಿದ್ದ. ಅವನಿಗಾಗಿ ನೀರು ತರಲು ಬಂದ ಓಬವ್ವ ಶತ್ರುಗಳು ನುಸುಳುವುದನ್ನು ಕಂಡು ಒನಕೆ ಹಿಡಿದಳು. ಈ ಕಥೆ ಯಾರಿಗೆ ಗೊತ್ತಿಲ್ಲ? ಆ ದಿನವೇ ಅವಳು ಮಡಿದಳೆಂದೂ ಹೇಳುತ್ತಾರೆ. ಅಮ್ಮ ನೀರನ್ನು ನೋಡಿದಳು, ಕಿಂಡಿಯನ್ನು ನೋಡಿದಳು, ನಡುವಣ ದೂರವನ್ನು ಕಣ್ಣಿನಲ್ಲೇ ಅಳೆದಳು. ಆಮೇಲೆ, "ಅಲ್ಲ ಕಣೋ, ಅವಳು ಉಂಡಿದ್ದಳೋ ಇಲ್ಲವೋ?" ಎಂದು ಕೇಳಿದಳು.

ಹದಿನೈದು ವರ್ಷಗಳಿಂದ ನಾನು ದುರ್ಗದ ಕಥೆಯನ್ನು ಓದುತ್ತಲೂ ಹೇಳುತ್ತಲೂ ಬಂದಿದ್ದೇನೆ. ನನ್ನ ಟಿಪ್ಪಣಿಗಳಲ್ಲಿ ಶೌರ್ಯವಿತ್ತು, ಸ್ವಾಮಿಭಕ್ತಿಯಿತ್ತು, ಇಸವಿಗಳಿದ್ದವು. ಈ ಪ್ರಶ್ನೆ ಇರಲಿಲ್ಲ. ಗಂಡ ಉಣ್ಣುವಾಗ ನೀರಿಗೆ ಹೋದವಳು ಇನ್ನೂ ಉಂಡಿರಲಿಕ್ಕಿಲ್ಲವೆಂಬುದು ಜೀವಮಾನವೆಲ್ಲ ಬಡಿಸಿ, ಕಡೆಯಲ್ಲಿ ಕುಳಿತವಳಿಗಲ್ಲದೆ ಬೇರೆ ಯಾರಿಗೆ ಹೊಳೆಯಬೇಕು? ಅದು ಪುಸ್ತಕದ ಕಥೆಯೋ ಸಿನಿಮಾದ ಕಥೆಯೋ ಎಂದು ವಿಂಗಡಿಸುವ ಗೋಜಿಗೆ ನಾನು ಹೋಗಲಿಲ್ಲ. "ಉಂಡಿರಲಿಲ್ಲ ಅಂತ ಕಾಣುತ್ತೆ ಅಮ್ಮ" ಎಂದೆ.

ಕೋಟೆಯಿಂದ ಇಳಿದು ಮರದ ನೆರಳಿನಲ್ಲಿ ಕುಳಿತೆವು. ತಂಗಿ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಅಮ್ಮ ಬಿಚ್ಚಿದಳು. ಚಾಲಕನಿಗೆ ಒಂದು ಎಲೆ, ನನಗೆ ಒಂದು ಎಲೆ. ಸೌಟು ಹಿಡಿದು ಯಾರಿಗೆ ಇನ್ನಷ್ಟು ಬೇಕೆಂದು ಕಾಯುತ್ತ ಕುಳಿತಳು. ನಾನು ಸೌಟನ್ನು ತೆಗೆದುಕೊಂಡು ಅವಳಿಗೆ ಬಡಿಸಿದೆ. ಅವಳಿಗೆ ನಗು ಬಂತು. ತಿನ್ನುತ್ತ, ಆ ಹಿಂದೆ ಸಹೋದ್ಯೋಗಿಗಳೆದುರು ಅರ್ಧಕ್ಕೆ ನಿಲ್ಲಿಸಿದ್ದ ರಾಮಾಚಾರಿಯ ಕಥೆಯನ್ನು ಮೊದಲಿನಿಂದ ಹೇಳು ಎಂದೆ. ಚಾಲಕನೂ ಹತ್ತಿರ ಸರಿದು ಕುಳಿತ. ಕಥೆ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಮುಂದಿನ ಸಲ ಜೋಗಕ್ಕೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಶರಾವತಿ ಎಲ್ಲ ಕಾಲದಲ್ಲಿಯೂ ಮೈತುಂಬಿ ಧುಮುಕುವುದಿಲ್ಲ, ಆದ್ದರಿಂದ ಮಳೆಗಾಲದಲ್ಲೇ ಹೋಗಬೇಕೆಂದು ನಾನು ತಿಳಿಸಿದೆ. "ಅದು ಗೊತ್ತು ಬಿಡು" ಎಂದಳು ಅಮ್ಮ, "ಸಿನಿಮಾದ ಹೆಸರೇ ಮುಂಗಾರು ಮಳೆ ಅಲ್ಲವೇ?"